ತಂಗಿಯ ಅಡುಗೆಮನೆಗೆ ಎಳೆದ ತಂತಿ

ಎಂಬತ್ತರ ದಶಕದ ಆರಂಭದಲ್ಲಿ ನಾನು ಮಣಿಪಾಲದ ಕಾಲೇಜೊಂದರ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದೆ. ಮನೆ ಕಾಪುವಿನಲ್ಲಿ. ಪಾರ್ಶ್ವವಾಯು ಬಡಿದು ಕಾಲು ಬಿದ್ದುಹೋದ ಅಮ್ಮನಿಗೆ ಹತ್ತಿರದ ಎರ್ಮಾಳಿಗೆ ಮದುವೆಯಾಗಿ ಹೋದ ಮಗಳದ್ದೇ ಹಂಬಲ. ಭಾವ ಅವಳನ್ನು ತವರಿಗೆ ಕಳುಹಿಸುತ್ತಿರಲಿಲ್ಲ.

"ಮಾತಾಡಲಿಕ್ಕೇ ಅಂತ ಅಲ್ಲ ಮಗಾ, ಅವಳು ಪಾತ್ರೆ ತೊಳೆಯುವ ಸದ್ದು ಕೇಳಿದರೂ ಸಾಕು" ಎಂದಳು ಅಮ್ಮ.

ಅದಕ್ಕೊಂದು ವ್ಯವಸ್ಥೆ ಮಾಡಿದೆ. ಇನ್ನು ತವರಿಗೆ ಕಳುಹಿಸು ಎನ್ನುವ ಕಾಟ ಇರುವುದಿಲ್ಲವೆಂದು ಭಾವನೂ ಒಪ್ಪಿದ. ಗುಜರಿಯಲ್ಲಿ ಸಿಕ್ಕಿದ ಟೆಲಿಫೋನ್ ತಂತಿಯನ್ನು ತೆಂಗಿನ ಮರದಿಂದ ಮರಕ್ಕೆ ಕಟ್ಟುತ್ತ ಎರ್ಮಾಳಿನವರೆಗೆ ಎಳೆದೆ. ಎರಡೂ ಅಡುಗೆಮನೆಗಳಲ್ಲಿ ಒಂದೊಂದು ಮೈಕು, ಒಂದೊಂದು ಸ್ಪೀಕರು. ಮೊದಲು ಕೀಚ್ ಎಂದು ಕಿರುಚುತ್ತಿತ್ತು. ಮೈಕನ್ನು ಅಕ್ಕಿ ಡಬ್ಬಿಯ ಹಿಂದೆ ಸರಿಸಿದ ಮೇಲೆ ಸರಿಯಾಯಿತು. ರಿಸೀವರ್ ಎತ್ತುವ ಕೆಲಸವಿಲ್ಲ, ಹಗಲಿಡೀ ತೆರೆದೇ ಇರುತ್ತಿತ್ತು. ಒಗ್ಗರಣೆ ಸಿಡಿದದ್ದು ಕೇಳಿ ಅಮ್ಮ "ಇವತ್ತು ಎಂತ ಸಾರು?" ಎಂದರೆ ಅಲ್ಲಿಂದ ತಂಗಿಯ ಉತ್ತರ ಬರುತ್ತಿತ್ತು.

ಆಗಾಗ ಅರ್ಧಗಂಟೆ ಸದ್ದೇ ಇರುತ್ತಿರಲಿಲ್ಲ. ತಂತಿಯ ದೋಷವೆಂದುಕೊಂಡು ನಾನು ಸೈಕಲ್ ಹತ್ತಿ ಗಂಟುಗಂಟನ್ನೂ ಪರೀಕ್ಷಿಸುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆವು. ಸ್ಪೀಕರಿನಲ್ಲಿ ಏನೋ ಬಡಿದ ಸದ್ದು. ಮತ್ತೊಂದು ಬಡಿತ. ಮೂರನೆಯದಕ್ಕೆ ತಂಗಿ ಕಿರುಚಿದಳು.

ಅಮ್ಮ ತೆವಳಿ ಹೋಗಿ ಮೈಕಿಗೆ ಬಾಯಿಟ್ಟಳು. "ಬಿಡು ಅವಳನ್ನು! ನಾನು ಇಲ್ಲೇ ಇದ್ದೇನೆ!"

"ಮುದುಕಿಗೆ ಕೇಳಿಸ್ತಾ ಉಂಟಾ? ಕೇಳಲಿ" ಎಂದ ಭಾವ. ಮತ್ತೆ ನಾಲ್ಕು ಏಟು. ಆಮೇಲೆ ಮೈಕು ಒಡೆದ ಸದ್ದಾಗಿ ಎಲ್ಲ ನಿಂತುಹೋಯಿತು.

ನಾನು ಸೈಕಲ್ ತುಳಿದು ಎರ್ಮಾಳಿಗೆ ಹೋದಾಗ ತಂಗಿಯ ಹುಬ್ಬು ಸೀಳಿತ್ತು, ಒಂದು ತೋಳು ಜೋತುಬಿದ್ದಿತ್ತು. ಭಾವ ಬಾಗಿಲಲ್ಲೇ ತೆಂಗಿನ ಗರಿಯ ಬುಡದ ದಪ್ಪ ಕೊತ್ತಳಿಗೆಯಿಂದ ನನ್ನ ಹೆಗಲಿಗೆ ಬಾರಿಸಿದ. ಮೂಲೆಯಲ್ಲಿದ್ದ ಒನಕೆ ಎತ್ತಿ ಅವನ ಮೊಣಕಾಲಿಗೆ ಹೊಡೆದೆ. ಬಿದ್ದ. ಬಿದ್ದ ಮೇಲೂ ಹೊಡೆದೆ. ರಕ್ತದ ಜೊತೆ ಎರಡು ಹಲ್ಲು ಉದುರಿದವು. ಹೇಳಲು ನಾಚಿಕೆಯಾಗುತ್ತದೆ, ಆ ಕ್ಷಣ ನನಗೆ ಹಿತವಾಗಿತ್ತು. ತಂಗಿ ಒಂದೇ ಕೈಯಲ್ಲಿ ಒನಕೆ ಹಿಡಿದುಕೊಂಡಳು.

"ಸಾಕು ಅಣ್ಣ, ಸತ್ತೇ ಹೋಗ್ತಾರೆ."

ಆಸ್ಪತ್ರೆಗೆ ಹೋಗುವಾಗ ಬಾಡಿಗೆ ಕಾರಿನಲ್ಲಿ ಅವಳು ಹೇಳಿದಳು: "ತಂತಿ ಯಾವತ್ತೂ ಹಾಳಾಗಿರಲಿಲ್ಲ. ಅವರು ಕುಡಿದು ಬಂದಾಗಲೆಲ್ಲ ನಾನೇ ಕೀಳುತ್ತಿದ್ದೆ. ಅಮ್ಮನಿಗೆ ಗೊತ್ತಾಗಬಾರದಲ್ವಾ? ಇವತ್ತು ಬೇಕಂತಲೇ ಬಿಟ್ಟೆ."

ಊರ ಹಿರಿಯರು ಕೂತು ಎರಡೂ ಕಡೆಯ ಪೊಲೀಸ್ ದೂರು ಹಿಂತೆಗೆಸಿದರು. ತಂಗಿ ಮತ್ತೆ ಎರ್ಮಾಳಿಗೆ ಹೋಗಲಿಲ್ಲ. ತಂತಿ ಕೀಳುತ್ತಿದ್ದದ್ದು ತಿಳಿದ ಅಮ್ಮ ಮನೆಗೆ ಬಂದವಳ ಜೊತೆ ವಾರಗಟ್ಟಲೆ ಮಾತಾಡಲಿಲ್ಲ. ಕೊನೆಗೊಂದು ಬೆಳಿಗ್ಗೆ ಅವಳ ಜಡೆ ಹಿಡಿದೆಳೆದು ಅತ್ತಳು: "ಇಷ್ಟು ದಿನ ನನ್ನನ್ನು ಕಿವುಡಿ ಮಾಡಿದೆಯಲ್ಲ!"