ನಕ್ಕಿದ್ದನ್ನೂ ಬರೆಸಿದವಳು

ಅಕ್ಕನ ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಿಷನ್ ಸೂಜಿ ತೂರಿತ್ತಂತೆ. ಒಡಹುಟ್ಟಿದವಳಲ್ಲ, ಬಾಗೂರು ಕಡೆಯ ಗೌಡರ ಮನೆಯ ಹೆಂಗಸು. ಹಾಸನದ ಹೊರಗಿನ ಗಾರ್ಮೆಂಟ್ಸಿನಲ್ಲಿ ನನ್ನ ಪಕ್ಕದ ಮಿಷನ್ ಅವಳದು. ಸೀರೆಗೆ ಅಂಟಿದ ನೂಲಿನ ಚೂರನ್ನೆಲ್ಲ ಆಯ್ದು ಕೊಡವದೆ ಸಂಜೆ ಬಸ್ಸು ಹತ್ತುತ್ತಿರಲಿಲ್ಲ.

ನಾವು ಹಕ್ಕಿಪಿಕ್ಕಿ ಜನ, ಹಿಂದೆ ಹಕ್ಕಿ ಹಿಡಿದು ಬದುಕಿದವರು. ಅದು ಗೊತ್ತಾದ ಮೇಲೆ, ನಾನು ಒಳಗೆ ಕಾಲಿಟ್ಟರೆ ಸಾಕು, ಯಾರಾದರೊಬ್ಬರು ಕೌಜುಗದ ಹಾಗೆ ಕೂಗುತ್ತಿದ್ದರು. ಊಟದ ಡಬ್ಬಿ ತೆರೆದರೆ, "ಇವತ್ತು ಯಾವ ಹಕ್ಕಿ ಬಿತ್ತು?" ಎನ್ನುವರು. ಸೂಪರ್‌ವೈಸರ್ ಎಲ್ಲರೆದುರು ಜಾತಿ ಹಿಡಿದೇ ಬೈದ. ಅಕ್ಕ ಒಮ್ಮೆ ಹಾಗೆ ಕೂಗಿದವರಿಗೆ, "ಬಾಯ್ ಮುಚ್ಕಂಡ್ ಹೊಲೀರಮ್ಮಿ" ಎಂದು ಗದರಿದ್ದಳು. ಮ್ಯಾನೇಜರಿಗೆ ಹೇಳಿದರೆ, "ತಮಾಷೆ ಕಣಮ್ಮ" ಎಂದರು. ಒಂದು ದಿನ ರಾಜೀನಾಮೆ ಕೊಟ್ಟು ಹೊರಬಿದ್ದೆ.

ಉಚಿತ ಕಾನೂನು ನೆರವಿನ ವಕೀಲೆಯೊಬ್ಬರು ಬಿಡಿಸಿ ಹೇಳಿದರು. "ಬಿಟ್ಟುಬಂದ್ರೆ ಮುಗೀತು ಅಂತಲ್ಲ. ಬೇರೆ ದಾರಿಯಿಲ್ಲದೆ ಬಿಟ್ಟೆ ಅಂತ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ಜನರೆದುರು ಜಾತಿ ಹಿಡಿದು ಬೈದಿದ್ದಕ್ಕೆ ಅಟ್ರಾಸಿಟಿ ಕೇಸು ಹಾಕಬಹುದು. ಕೇಳಿದೋರು ಯಾರಾದ್ರೂ ಬಂದು ಹೇಳಿದ್ರೆ ಗಟ್ಟಿಯಾಗುತ್ತೆ."

ಎರಡೂ ದೂರು ಕೊಟ್ಟೆ. ಭಾನುವಾರ ಸಾಕ್ಷಿ ಹೇಳಲು ಬರುತ್ತೀಯಾ ಎಂದು ಕೇಳಲು ಅಕ್ಕನ ಮನೆಗೆ ಹೋದೆ. ಜಗಲಿಯಲ್ಲಿದ್ದ ಅವಳ ಗಂಡ, "ಆ ಸೂಪರ್‌ವೈಸರ್ ನಮ್ ನೆಂಟ ಕಣವ್ವ" ಎಂದ.

ಅಕ್ಕ ಒಳಗಿನಿಂದಲೇ, "ನೆಂಟ ಆದ್ರೆ ನಾಲ್ಗೆ ನೆಟ್ಟಗಿರ್ಬೇಕಿತ್ತು. ನಾನ್ ಬತ್ತೀನಿ" ಎಂದಳು.

ಡಿವೈಎಸ್ಪಿ ಕಚೇರಿಯಲ್ಲಿ ಯಾರು ಕೂಗಿದರು, ಯಾರು ಬೈದರು, ಎಲ್ಲ ಹೇಳಿದಳು. ಬರೆದುಕೊಳ್ಳುತ್ತಿದ್ದವರು ಪೆನ್ನು ಮುಚ್ಚುವಾಗ, "ಮೊದ್‌ಮೊದ್ಲು ನಾನೂ ನಕ್ಕಿದ್ದೆ ಸಾ. ಅದ್ನೂ ಬರ್ಕಳಿ" ಎಂದಳು. ಆ ನಗು ನನಗೆ ನೆನಪಿತ್ತು. ಅವಳು ಬಾಯಿಬಿಟ್ಟು ಹೇಳುತ್ತಾಳೆಂದು ಎಣಿಸಿರಲಿಲ್ಲ.

ಆಮೇಲೆ ಅವಳನ್ನು ಪ್ಯಾಕಿಂಗಿಗೆ, ದಿನವಿಡೀ ನಿಂತು ಮಾಡುವ ಕೆಲಸಕ್ಕೆ ಹಾಕಿದರು. ನೆಂಟರು ಮದುವೆಗೆ ಕರೆಯುವುದನ್ನೇ ಬಿಟ್ಟರು. "ಬುಡು, ಮುಯ್ಯಿ ಉಳೀತು" ಎಂದಳು, ಅಷ್ಟೇ.

ಕಾರ್ಮಿಕ ಅಧಿಕಾರಿಯ ಮುಂದೆ ಕಂಪನಿಯವರು ನನ್ನನ್ನು ವಾಪಸ್ ತೆಗೆದುಕೊಳ್ಳಲು ಒಪ್ಪಿದರು. ಮಿಷನ್ನುಗಳ ಬೇರೆ ಲೈನು ಕೊಡುತ್ತೇವೆಂದರೂ ನಾನು ಅದೇ ಲೈನಿಗೆ ಹೋಗಿ ಕೂತೆ. ಇನ್ನೊಂದು ಕೇಸು ಕೋರ್ಟಿಗೆ ಬಂದಾಗ ಎದುರು ವಕೀಲರು ಅಕ್ಕನನ್ನು, "ಈಕೆ ನಿಮಗೇನಾಗಬೇಕು?" ಎಂದು ಕೆಣಕಿದರು.

"ಜೊತೇಲಿ ದುಡಿಯೋಳು. ಇನ್ನೇನಾಗ್ಬೇಕು ಸಾ?"

ತೀರ್ಪು ಇನ್ನೂ ಬಂದಿಲ್ಲ. ಅಕ್ಕ ಹೋದ ವರ್ಷ ಕಾಮಾಲೆಯಾಗಿ ತೀರಿಕೊಂಡಳು. ಮಣ್ಣಿಗೆ ಹೋದಾಗ ನೆಂಟರು ನನ್ನನ್ನು ನೋಡಿ ಗುಸುಗುಸು ಮಾತಾಡಿಕೊಂಡರು. ಸೂಪರ್‌ವೈಸರನೂ ಅಲ್ಲಿದ್ದ. ಅವನ ಮುಂದಿನಿಂದಲೇ ಹಾದುಹೋಗಿ ಗುಂಡಿಗೆ ಮಣ್ಣು ಹಾಕಿದೆ. ಯಾರೂ ತಡೆಯಲಿಲ್ಲ. ತಡೆದಿದ್ದರೂ ಹಾಕುತ್ತಿದ್ದೆ.