ಕುಂಕುಮ ತಿಂದ ನಂಬರು

ಕೋವಿಡ್ ಹಾವಳಿ ತಗ್ಗಿದ ಮರುವರ್ಷದ ಆಷಾಢ. ರಾಜಾಜಿನಗರದಲ್ಲಿ ಬಂದೂಕು ರಿಪೇರಿ ಮತ್ತು ಸೇಫ್ ಕಸ್ಟಡಿಯ ಲೈಸೆನ್ಸು ಇಟ್ಟುಕೊಂಡು ನಾನು ಅಂಗಡಿ ನಡೆಸುತ್ತಿದ್ದ ಮೂವತ್ತನಾಲ್ಕನೆಯ ವರ್ಷ ಅದು. ಸೇಫ್ ಕಸ್ಟಡಿ ಎಂದರೆ, ಲೈಸೆನ್ಸುದಾರರು ದೂರ ಹೋದಾಗಲೋ ತೀರಿಕೊಂಡಾಗಲೋ ಅವರ ಬಂದೂಕನ್ನು ರಸೀದಿ ಕೊಟ್ಟು ನಮ್ಮ ಕಬ್ಬಿಣದ ಬೀರುವಿನಲ್ಲಿ ಕಾಪಾಡುವುದು. ನನ್ನ ಕಸುಬು ಕೇಳಿದ ಕೂಡಲೇ ಜನ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು, ರೌಡಿಗಳ ಸಹವಾಸ ಇರಬೇಕು ಎಂದುಕೊಂಡು. ನಿಜ ಹೇಳಬೇಕೆಂದರೆ ಬರುತ್ತಿದ್ದವರು ಬ್ಯಾಂಕಿನ ಕಾವಲುಗಾರರು, ಶೂಟಿಂಗ್ ಕಲಿಯುವ ಕಾಲೇಜು ಹುಡುಗಿಯರು, ಇಲ್ಲವೇ ಅಪ್ಪನ ಕಾಲದ ಬೇಟೆ ಬಂದೂಕನ್ನು ಏನು ಮಾಡಬೇಕೆಂದು ತಿಳಿಯದ ಮಕ್ಕಳು.

ಈ ಮೂರನೆಯವರು ಬಂದರೆ ನನಗೆ ಹಬ್ಬ. ಹಳೆಯ ಬೇಟೆ ರೈಫಲ್ ಎಂದರೆ ನನಗೆ ಅಷ್ಟು ಪ್ರೀತಿ. ಹೊಸದರಲ್ಲಿ ಎಲ್ಲ ಮೆಷಿನ್ ಕೆಲಸ. ಹಳೆಯದರಲ್ಲಿ ಮರ ಮತ್ತು ಉಕ್ಕು ಕೂಡುವ ಗೆರೆಯಲ್ಲಿ ಒಂದು ಕೂದಲೂ ತೂರುವುದಿಲ್ಲ, ಯಾವನೋ ಒಬ್ಬ ಕೂತು ಉಜ್ಜಿ ಉಜ್ಜಿ ಕೂರಿಸಿರುತ್ತಾನೆ. ಬೇಟೆ ನಿಂತು ಎಷ್ಟೋ ಕಾಲವಾಯಿತು, ಅದು ನಿಂತದ್ದು ಒಳ್ಳೆಯದೇ. ಬಂದೂಕುಗಳು ಮಾತ್ರ ಉಳಿದುಕೊಂಡಿವೆ.

ಆ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಆಟೋದಿಂದ ಇಬ್ಬರು ಹೆಂಗಸರು ಇಳಿದರು. ತಾಯಿ ಗಿರಿಜಮ್ಮ, ಎಪ್ಪತ್ತರ ಆಸುಪಾಸು, ಹಣೆಯಲ್ಲಿ ವಿಭೂತಿ. ಮಗಳು ಸುಮಾ, ವಿಜಯನಗರದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಡಂ. ತಾಯಿಯೇ ಹೊಲಿದ ದಪ್ಪ ಖಾಕಿ ಚೀಲದಲ್ಲಿ ರೈಫಲ್ ಇತ್ತು. ಗಿರಿಜಮ್ಮನವರ ಯಜಮಾನರು ರುದ್ರಪ್ಪ ಆ ಚೈತ್ರದಲ್ಲಿ ತೀರಿಕೊಂಡಿದ್ದರು. ಲೈಸೆನ್ಸು ಅವರ ಹೆಸರಿನಲ್ಲಿದ್ದುದರಿಂದ ಬಂದೂಕನ್ನು ಠಾಣೆಯಲ್ಲೋ ನಮ್ಮಂಥವರಲ್ಲೋ ಇಟ್ಟು, ವಾರಸುದಾರರು ಹೊಸ ಲೈಸೆನ್ಸಿಗೆ ಅರ್ಜಿ ಹಾಕಬೇಕು. ಅರ್ಜಿ ಹಾಕುವವಳು ಸುಮಾ.

ರಸೀದಿ ಬರೆಯುತ್ತಾ ನಾನು ಹಾಗೇ ಮಾತಿಗೆಳೆದೆ. ರುದ್ರಪ್ಪನವರ ತಂದೆ ಚಿತ್ರದುರ್ಗದ ಕಡೆಯ ಒಂದು ಹಳ್ಳಿಯ ಪಟೇಲರು. ಮನೆಯಲ್ಲಿ ಮಾಂಸದ ಮಾತಿಲ್ಲ, ಆದರೆ ಶೇಂಗಾ ಹೊಲಕ್ಕೆ ನುಗ್ಗುವ ಕಾಡುಹಂದಿಗೆ ಊರೆಲ್ಲ ಪಟೇಲರ ಈ ಬಂದೂಕನ್ನೇ ನೆಚ್ಚಿತ್ತು. ಒಂಬತ್ತು ವರ್ಷದ ರುದ್ರಪ್ಪ ಕಾಡತೂಸಿನ ಚೀಲ ಹೊತ್ತು ಹಿಂದೆ ಹೋಗುತ್ತಿದ್ದರಂತೆ. ಆದರೆ ಅವರು ಮಕ್ಕಳಿಗೆ ಪ್ರತಿ ಆಯುಧಪೂಜೆಗೂ ಹೇಳುತ್ತಿದ್ದುದು ಹೊಡೆದ ಹಂದಿಗಳ ಕತೆಯಲ್ಲ, ತಪ್ಪಿದ ಒಂದು ಗುಂಡಿನ ಕತೆ. ಹಂದಿ ಪಾರಾಗಿ, ಗುಂಡು ಪಕ್ಕದ ತೋಟದಲ್ಲಿ ತೊಳೆದು ಬೋರಲು ಹಾಕಿದ್ದ ತಾಮ್ರದ ಹಂಡೆಗೆ ಬಿತ್ತು. ಪಟೇಲರು ತಮ್ಮ ಮನೆಯ ಹಂಡೆಯನ್ನು ತೋಟದವರಿಗೆ ಕೊಟ್ಟು ತೂತಿನ ಹಂಡೆಯನ್ನು ತಾವು ತಂದರು. ಊರವರು ವರ್ಷಗಟ್ಟಲೆ ‘ಪಟೇಲರು ಹಂಡೆ ಬೇಟೆಗೆ ಹೊರಟರು’ ಎಂದು ನಗಾಡಿದರಂತೆ. ಆ ಹಂಡೆಯಲ್ಲಿ ಈಗ ಆರ್‌ಪಿಸಿ ಲೇಔಟಿನ ಮನೆಯ ಮುಂದೆ ಕನಕಾಂಬರ ಬೆಳೆದಿದೆ, ತೂತಿನಿಂದ ನೀರು ಚೆನ್ನಾಗಿ ಬಸಿಯುತ್ತದೆ ಎಂದು ಸುಮಾ ನಕ್ಕಳು.

ನಾನೂ ನಗುತ್ತಲೇ ನಂಬರು ನೋಡಲು ರೈಫಲನ್ನು ಬೆಳಕಿಗೆ ತಿರುಗಿಸಿದೆ. ನಗು ನಿಂತಿತು.

ಪ್ರತಿ ಬಂದೂಕಿಗೂ ತಯಾರಕರು ಒತ್ತಿದ ಒಂದು ನಂಬರು ಇರುತ್ತದೆ. ಇದರಲ್ಲಿ ಅದು ಇರಬೇಕಾದದ್ದು ರಿಸೀವರ್ ಮೇಲೆ, ಅಂದರೆ ನಳಿಗೆಯ ಬುಡ ಬಂದು ಕೂರುವ ಉಕ್ಕಿನ ಭಾಗದ ನೆತ್ತಿಯ ಮೇಲೆ. ಲೈಸೆನ್ಸಿನಲ್ಲಿ ಐದು ಅಂಕಿ ಇತ್ತು. ಬಂದೂಕಿನ ಮೇಲೆ ಮೊದಲನೆಯದು ಮಾತ್ರ ಕಾಣುತ್ತಿತ್ತು. ಉಳಿದ ಕಡೆ ರೂಪಾಯಿ ಅಗಲದ ತುಕ್ಕು, ಅದರ ಮೇಲೆ ಕೆಂಪು ಹಕ್ಕಳೆ. ಭೂತಗನ್ನಡಿ ಹಿಡಿದರೂ ಏನೂ ಇಲ್ಲ.

ಇಲ್ಲಿ ಏನು ಹಚ್ಚಿದ್ದೀರಿ ಎಂದು ಕೇಳಿದೆ. ಗಿರಿಜಮ್ಮ ಸಹಜವಾಗಿ ಹೇಳಿದರು: “ವಿಭೂತಿ, ಕುಂಕುಮ ಸಾರ್. ಅದು ಬಂದೂಕಿನ ಹಣೆ ಅಲ್ವಾ? ಪ್ರತಿ ವರ್ಷ ಅಲ್ಲೇ ಇಡೋದು.”

ಮದುವೆಯಾಗಿ ಬಂದಾಗ ಅತ್ತೆ ತೋರಿಸಿದ ಜಾಗವಂತೆ. ನೀರಿನಲ್ಲಿ ಕಲಸಿದ ವಿಭೂತಿ, ಅದರ ಮೇಲೆ ಕುಂಕುಮ. ಹಚ್ಚಿದ ಕುಂಕುಮವನ್ನು ಒರೆಸುವುದು ಅಶುಭವೆಂದು ಮರುವರ್ಷದವರೆಗೆ ಹಾಗೇ ಬಿಟ್ಟು, ಅದರ ಮೇಲೆಯೇ ಹೊಸದು. ಒದ್ದೆ ಹಿಡಿದುಕೊಂಡ ಹಕ್ಕಳೆಯ ಕೆಳಗೆ ಉಕ್ಕು ಐವತ್ತು ವರ್ಷ ಸದ್ದಿಲ್ಲದೆ ಕರಗಿತ್ತು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದರಲ್ಲೂ ಒಳ್ಳೆಯ ಬಂದೂಕು ಹಾಳಾದರೆ. “ಕೈಯಾರೆ ಹಾಳು ಮಾಡಿದೀರಲ್ಲಮ್ಮಾ” ಎಂದುಬಿಟ್ಟೆ. ಅವರು ಮೇಜಿನ ಮೇಲಿದ್ದ ಕೈಯನ್ನು ತೆಗೆದು ಸೆರಗಿನೊಳಗೆ ಇಟ್ಟುಕೊಂಡರು.

ಹಾಳಾದದ್ದು ಅಂದವಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ನಂಬರು ಅಳಿಸಿದ ಬಂದೂಕು ಯಾರ ಸ್ವಾಧೀನದಲ್ಲಿದೆಯೋ ಅವರೇ ಅಳಿಸಿದ್ದಾರೆ ಎಂದು ಕಾನೂನು ಮೊದಲು ಭಾವಿಸುತ್ತದೆ, ಅಲ್ಲವೆಂದು ತೋರಿಸುವುದು ಅವರ ಹೊಣೆ. ರುದ್ರಪ್ಪ ಹೋದ ಮೇಲೆ ಅದು ಇದ್ದದ್ದು ಗಿರಿಜಮ್ಮನವರ ಅಲ್ಮೆರಾದಲ್ಲಿ. ಕೇಸು ಬಿದ್ದರೆ ಅವರ ಮೇಲೆ, ಬಂದೂಕು ಜಪ್ತಿ, ಸುಮಾಳ ಅರ್ಜಿ ಕಸದ ಬುಟ್ಟಿಗೆ. ಕಂಡೂ ಕಾಣದಂತೆ ರಸೀದಿ ಬರೆದರೆ ನನ್ನ ಲೈಸೆನ್ಸಿಗೆ ಕುತ್ತು. ಅವರಿಗೆ ಇದನ್ನೆಲ್ಲ ಬಿಡಿಸಿ ಹೇಳಿ, ಅವರೆದುರಿಗೇ ಠಾಣೆಗೆ ಫೋನು ಮಾಡಿದೆ.

ಸಬ್‌ಇನ್ಸ್‌ಪೆಕ್ಟರ್ ಒಬ್ಬ ಯುವತಿ, ಮಾತು ಕಡಿಮೆ, ತಲೆ ಚುರುಕು. ಬಂದು ನೋಡಿ, ಲೈಸೆನ್ಸಿನಲ್ಲಿರುವ ಬಂದೂಕು ಇದೇ ಎಂಬುದಕ್ಕೆ ಸೋಮವಾರದೊಳಗೆ ಆಧಾರ ತೋರಿಸಬೇಕು, ಇಲ್ಲವಾದರೆ ತಾನು ಕೇಸು ದಾಖಲಿಸದೆ ವಿಧಿಯಿಲ್ಲ ಎಂದರು. ಅಂದು ಮಂಗಳವಾರ.

ಮಾರನೆಯ ದಿನ ಬಾಪೂಜಿ ನಗರದಿಂದ ಸುಮಾಳ ಸೋದರಮಾವ ಫೋನು ಮಾಡಿದರು. ಲೈಸೆನ್ಸು ನೋಡಿಕೊಂಡು ಆ ನಂಬರನ್ನೇ ಒಂದು ಪಂಚ್ ಹೊಡೆದುಬಿಡಿ, ಯಾರಿಗೆ ಗೊತ್ತಾಗುತ್ತೆ ಎಂದರು. ಅಕ್ಕನನ್ನು ಉಳಿಸುವ ಆತುರ, ತಪ್ಪು ತಿಳಿಯಲಾಗದು. ಆದರೂ ಬೈದೆ. ಈಗಿರುವುದು ಅಳಿಸಿದ ನಂಬರು, ಅದಕ್ಕೆ ಕಾರಣ ಹೇಳಬಹುದು. ನೀವು ಹೇಳುತ್ತಿರುವುದು ಸುಳ್ಳು ನಂಬರು, ಅದಕ್ಕೆ ಇಬ್ಬರೂ ಜೈಲಿಗೆ ಹೋಗಬೇಕಾಗುತ್ತದೆ ಎಂದೆ.

ನನಗಿದ್ದದ್ದು ಒಂದೇ ಆಸೆ. ಕೆಲವು ಹಳೆಯ ತಯಾರಕರು ಅದೇ ನಂಬರನ್ನು ನಳಿಗೆಯ ತಳಭಾಗದಲ್ಲೂ ಒತ್ತುತ್ತಿದ್ದರು, ಮರದೊಳಗೆ ಅಡಗಿರುವ ಕಡೆ. ಎಲ್ಲರೂ ಅಲ್ಲ. ಇದನ್ನು ಮಾಡಿದವರು ಒತ್ತಿದ್ದಾರೋ ಇಲ್ಲವೋ ಮರ ಬಿಚ್ಚಿದರೆ ತಾನೇ ಗೊತ್ತಾಗುವುದು? ತಳದ ಎರಡು ಸ್ಕ್ರೂಗಳೋ ಅರವತ್ತು ವರ್ಷದಿಂದ ಅಲ್ಲಾಡಿದಂತಿರಲಿಲ್ಲ. ಜೋರು ಮಾಡಿದರೆ ಅಕ್ರೋಟು ಮರ ಸೀಳುತ್ತದೆ. ದಿನಕ್ಕೆರಡು ಬಾರಿ ತೆಳು ಎಣ್ಣೆ ತೊಟ್ಟಿಕ್ಕಿಸಿದೆ, ಆ ಸ್ಕ್ರೂ ತಲೆಗೇ ಸರಿಯಾಗಿ ಹಿಡಿಯುವಂತೆ ಒಂದು ಸ್ಕ್ರೂಡ್ರೈವರನ್ನು ಅರದಿಂದ ಉಜ್ಜಿ ಮಾಡಿಕೊಂಡೆ. ಶನಿವಾರ ಮಧ್ಯಾಹ್ನ ಎರಡೂ ಕಾಲು ಸುತ್ತು ಸಡಿಲವಾದವು.

ಅಲ್ಲಿಗೆ ನಿಲ್ಲಿಸಿದೆ. ಕೈ ತುರಿಸುತ್ತಿತ್ತು. ಆದರೆ ಒಬ್ಬನೇ ಬಿಚ್ಚಿ, ನಂಬರು ಇದೆ ಎಂದರೆ, ಒಳಗೆ ನೀನೇ ಹೊಡೆದಿದ್ದು ಎಂದು ನಾಳೆ ಯಾರಾದರೂ ಕೇಳಬಹುದು. ಬಿಚ್ಚುವುದಾದರೆ ಪೊಲೀಸರ ಎದುರೇ ಬಿಚ್ಚಬೇಕು. ಒಳಗೆ ಏನೂ ಇಲ್ಲದಿದ್ದರೆ ಅದೂ ಅವರ ಎದುರೇ ಆಗಬೇಕು.

ಸೋಮವಾರ ಹತ್ತೂವರೆಗೆ ಸಬ್‌ಇನ್ಸ್‌ಪೆಕ್ಟರ್, ಒಬ್ಬ ಕಾನ್‌ಸ್ಟೆಬಲ್, ಇಬ್ಬರು ಪಂಚರು, ಸುಮಾ, ಗಿರಿಜಮ್ಮ ಎಲ್ಲರೂ ನನ್ನ ಪುಟ್ಟ ಅಂಗಡಿಯಲ್ಲಿ ಒತ್ತೊತ್ತಾಗಿ ಸೇರಿದರು. ಗಿರಿಜಮ್ಮ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ತಲೆ ಎತ್ತಲಿಲ್ಲ. ಕಾನ್‌ಸ್ಟೆಬಲ್ ಮೊಬೈಲಿನಲ್ಲಿ ಚಿತ್ರೀಕರಣ ಶುರುಮಾಡಿದ. ಎರಡು ಸ್ಕ್ರೂ ತೆಗೆದು, ಮರವನ್ನು ಅಂಗೈಯಿಂದ ಎರಡು ಬಾರಿ ತಟ್ಟಿದೆ. ಮೂರನೆಯದಕ್ಕೆ ನಳಿಗೆ ಮೇಲೆದ್ದಿತು. ತಳದಲ್ಲಿ ಹಳೆಯ ಗ್ರೀಸು ಗಟ್ಟಿಯಾಗಿ ಕೂತಿತ್ತು. ಬಟ್ಟೆಯಿಂದ ಒರೆಸಿ ನಾನು ನೋಡದೆ ಸಬ್‌ಇನ್ಸ್‌ಪೆಕ್ಟರ್ ಕಡೆ ತಿರುಗಿಸಿದೆ.

ಅವರು ನಳಿಗೆ ಹಿಡಿದು ಟಾರ್ಚು ಬಿಟ್ಟು ನಿಧಾನವಾಗಿ ಓದಿದರು: “ನಾಲ್ಕು. ಒಂದು. ಏಳು. ಮೂರು. ಆರು.” ಸುಮಾ ಲೈಸೆನ್ಸಿನ ಪುಸ್ತಕದ ಮೇಲೆ ಬೆರಳಿಟ್ಟು ಒಂದೊಂದೇ ಅಂಕಿ ಹೊಂದಿಸಿ ನೋಡಿದಳು. ಐದನೆಯದಕ್ಕೆ ಗಣಿತದ ಮೇಡಂ ಸರಿಯೆಂದು ತಲೆಯಾಡಿಸಿದಳು. ಎರಡೂ ಒಂದೇ.

ಮಹಜರು ಬರೆದಾಯಿತು. ನಂಬರು ಅಳಿಸಿಹೋದದ್ದು ತುಕ್ಕಿನಿಂದ, ಅರದಿಂದ ಉಜ್ಜಿದ ಗುರುತಿಲ್ಲ ಎಂದು ನಾನೂ ಬರೆದುಕೊಟ್ಟೆ. ಕೇಸಿಲ್ಲ, ಅರ್ಜಿ ಮುಂದಕ್ಕೆ ಹೋಗುತ್ತದೆ ಎಂದು ಹೇಳಿ ಸಬ್‌ಇನ್ಸ್‌ಪೆಕ್ಟರ್ ಹೊರಟರು. ಆಗಲೂ ಗಿರಿಜಮ್ಮನವರ ಮುಖ ಅರಳಲಿಲ್ಲ.

“ಸುಮಾ ಹೆಸರಿಗೇ ಆಗ್ಲಿ ಸಾರ್” ಎಂದರು. “ನಾನ್ ಮಾತ್ರ ಇನ್ಮೇಲೆ ಅದನ್ನ ಮುಟ್ಟಲ್ಲ. ಮಾವನೋರು, ಇವ್ರು, ಇಬ್ರೂ ಕಾಪಾಡ್ಕೊಂಡ್ ಬಂದಿದ್ದನ್ನ ನನ್ ಕೈ ಹಾಳ್ ಮಾಡ್ತು.”

ಅದು ನನ್ನದೇ ಮಾತು. ಆರು ದಿನ ಅವರು ಅದನ್ನು ಹೊತ್ತುಕೊಂಡು ತಿರುಗಿದ್ದರು. ನನಗೆ ನಾಚಿಕೆಯಾಯಿತು, ಸುಳ್ಳು ಹೇಳಲಾರೆ. ರೂಢಿಯಂತೆ ನಳಿಗೆಯನ್ನು ಬಾಗಿಲ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ಒಳಗೆ ನೋಡಿದೆ. ಮೊದಲ ದಿನವೇ ನೋಡಬೇಕಿತ್ತು, ಸಿಟ್ಟಿನಲ್ಲಿ ಬಿಟ್ಟಿದ್ದೆ. ಒಳಗಿನ ಸುರುಳಿ ಗೆರೆಗಳು ಈಗಷ್ಟೇ ಕೊರೆದಂತೆ ಫಳಫಳ ಹೊಳೆಯುತ್ತಿದ್ದವು. ಒಂದು ಚುಕ್ಕೆ ತುಕ್ಕಿಲ್ಲ.

ಇದಕ್ಕೆ ಎಣ್ಣೆ ಯಾರು ಹಾಕುತ್ತಿದ್ದರು ಎಂದು ಕೇಳಿದೆ. ಸ್ವಲ್ಪ ಹಿಂಜರಿದು, ತಾವೇ ಎಂದರು. ರುದ್ರಪ್ಪನವರಿಗೆ ಕೈ ನಡುಕ ಶುರುವಾಗಿ ಹದಿನೈದು ವರ್ಷವಾಗಿತ್ತು. ಅವರು ಕುರ್ಚಿಯಲ್ಲಿ ಕೂತು ಹೇಳುವುದು, ಇವರು ಮಾಡುವುದು. ಪ್ರತಿ ಅಮಾವಾಸ್ಯೆ ಮಧ್ಯಾಹ್ನ, ಕಡ್ಡಿಗೆ ಬಟ್ಟೆ ಸುತ್ತಿ, ತಮ್ಮ ಹೊಲಿಗೆ ಮೆಷಿನ್ನಿನ ಎಣ್ಣೆ. ಲೈಸೆನ್ಸಿಲ್ಲದವರು ಮುಟ್ಟುವುದು ಕಾನೂನಿಗೆ ಸರಿಯಲ್ಲ, ಆ ಭಾಗ ನನಗೆ ಕೇಳಿಸಲಿಲ್ಲ ಎಂದುಕೊಳ್ಳಿ.

“ಅಮ್ಮಾ, ನಾನ್ ಅವತ್ತು ಹೇಳಿದ್ದು ತಪ್ಪು” ಎಂದೆ. “ಅಟ್ಟದ ಮೇಲಿಟ್ಟು ಮರೆತಿರೋ ಬಂದೂಕು ಇಲ್ಲಿಗೆ ಎಷ್ಟೋ ಬರ್ತವೆ. ನಂಬರೆಲ್ಲ ನೆಟ್ಟಗಿರುತ್ತೆ, ನಳಿಗೆ ಮಾತ್ರ ಒಳಗೆ ಗೆದ್ದಲು ತಿಂದಂಗಿರುತ್ತೆ. ಇದು ಉಳಿದಿರೋದು ನಿಮ್ ಕೈಯಿಂದ. ಬನ್ನಿ, ನೀವೇ ನೋಡಿ.”

ಅವರು ಎದ್ದು ಬಂದರು. ಕನ್ನಡಕ ತೆಗೆದು, ನಾನು ಹಿಡಿದಿದ್ದ ನಳಿಗೆಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಅವರ ಕಣ್ಣು ಸಬ್‌ಇನ್ಸ್‌ಪೆಕ್ಟರ್ ಹಿಡಿದಿದ್ದ ಜಾಗಕ್ಕೆ ಹೋಯಿತು. ಅಲ್ಲಿ ನಾಲ್ಕು ಬೆರಳಿನ ಗುರುತು ಮಂಜಾಗಿ ಕಾಣುತ್ತಿತ್ತು.

“ಬೆವರು ಕೈ ತಾಗಿದ್ರೆ ಹಂಗೇ ಬಿಡ್ಬಾರ್ದು ಸಾರ್” ಎಂದು, ಸೆರಗಿನ ತುದಿ ಹಿಡಿದು ಆ ಗುರುತುಗಳನ್ನು ಒಂದೊಂದಾಗಿ ಒರೆಸಿದರು.

ಲೈಸೆನ್ಸು ಸುಮಾಳ ಹೆಸರಿಗೆ ಬಂದು ಬಂದೂಕು ಮನೆ ಸೇರಿತು. ನಾನೂ ಕಳೆದ ವರ್ಷ ಅಂಗಡಿ ಮುಚ್ಚಿದೆ. ನಮ್ಮ ಕಸ್ಟಡಿ ರಿಜಿಸ್ಟರಿನಲ್ಲಿ ಹೆಸರು, ವಿಳಾಸ, ನಂಬರು, ದೋಷ ಇವಕ್ಕೆ ಮಾತ್ರ ಕಾಲಂ ಇರುತ್ತದೆ. ದೋಷವನ್ನೇ ಮೊದಲು ಹುಡುಕುವುದು ಈ ಕಸುಬು ಕಣ್ಣಿಗೆ ಅಂಟಿಸುವ ಚಾಳಿ, ಅದರಿಂದ ಒಂದು ಮನೆಯ ಹೆಂಗಸನ್ನು ಆರು ದಿನ ನೋಯಿಸಿದ್ದೆ. ಆ ಸೋಮವಾರದಿಂದ ಮುಚ್ಚುವ ದಿನದವರೆಗೂ, ಬಂದ ಪ್ರತಿ ಹಳೆಯ ಬಂದೂಕಿಗೂ ದೋಷದ ಕಾಲಂ ಪಕ್ಕದ ಖಾಲಿ ಅಂಚಿನಲ್ಲಿ ನಾನೇ ಒಂದು ಸಾಲು ಸೇರಿಸುತ್ತಿದ್ದೆ: ಇದನ್ನು ನೋಡಿಕೊಂಡವರು ಯಾರು. ಕೇಳಿ ಬರೆದ ಹೆಸರುಗಳಲ್ಲಿ ಮುಕ್ಕಾಲು ಪಾಲು ಲೈಸೆನ್ಸಿನಲ್ಲಿ ಎಲ್ಲೂ ಇರಲಿಲ್ಲ.