ಕಿಲುಬಮ್ಮನೂ ಎಂಜಲು ಬೆರಳುಗಳೂ

ಮ್ಯೂಸಿಯಂಗೆ ಕೆಲಸಕ್ಕೆ ಸೇರಿದ ಮೊದಲ ದಿನ ಅವಳಿಗೆ ದರ್ಶನವಾದದ್ದು ಪ್ರಾಚೀನ ನಾಣ್ಯದ್ದಲ್ಲ, ಒಂದು ನಾಲಿಗೆಯದು. ನಾಣ್ಯ ವಿಭಾಗದ ಹಿರಿಯ ಕ್ಯೂರೇಟರು ತಾಮ್ರದ ಕಾಸೊಂದನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಎಡದವಡೆಯಿಂದ ಬಲದವಡೆಗೆ ಹೊರಳಿಸಿ, ಕೊನೆಗೆ ಅಂಗೈಗೆ ಉಗುಳಿಕೊಂಡರು.

"ತವರ ಜಾಸ್ತಿ ಬೆರೆಸಿದ್ದಾರೆ ಕಣಮ್ಮ. ಹಿಡಿ, ನೀನೂ ಒಂದ್ಸಲ ನೋಡು," ಎಂದು ಅದನ್ನು ಅವಳತ್ತ ಚಾಚಿದರು. ಕಾಸಿನ ಮೇಲಿದ್ದ ರಾಜ ಜೊಲ್ಲಿನಲ್ಲಿ ಮಿಂದು ಮಿರಮಿರ ಮಿಂಚುತ್ತಿದ್ದ.

ಅವಳು ಕರವಸ್ತ್ರ ಒಡ್ಡಿದಳು. ದೊಡ್ಡ ದೊಡ್ಡ ಯುದ್ಧಗಳೆಲ್ಲ ಇಂಥ ಯಾವುದೋ ಸಣ್ಣ ಅಸಹ್ಯದಿಂದಲೇ ಶುರುವಾಗುವುದು. ಮನುಷ್ಯಕುಲದ ಎಂಜಲು, ಬೆವರು, ಜಿಡ್ಡುಗಳ ವಿರುದ್ಧ ಅವಳು ಅಂದು ಹೂಡಿದ ಯುದ್ಧ ನಿವೃತ್ತಿಯವರೆಗೂ ನಡೆಯಿತು. ಅವಳ ಕೋಟೆ ನೆಲಮಾಳಿಗೆಯ ಒಂದು ಕೋಣೆ. ಅದರ ಒಂದೇ ಕಿಟಕಿಯಿಂದ ಬೀದಿಯಲ್ಲಿ ಓಡಾಡುವವರ ಚಪ್ಪಲಿಗಳು ಮಾತ್ರ ಕಾಣುತ್ತಿದ್ದವು. ಅಷ್ಟು ಕಂಡರೆ ಸಾಕೆಂಬುದು ಅವಳ ಅಭಿಪ್ರಾಯ. ಚಪ್ಪಲಿಗಳು ನಾಣ್ಯ ಮುಟ್ಟುವುದಿಲ್ಲ, ಮುಟ್ಟುವುದು ಕೈಗಳು. ಆಯುಧಗಳು: ಬಿಳಿ ಹತ್ತಿಯ ಕೈಗವಸು, ಚೂಪು ಮಾಡಿದ ಬಿದಿರುಕಡ್ಡಿ, ಒಂದು ಭೂತಗನ್ನಡಿ.

ತಾಮ್ರದ ಮೇಲೆ ಹಸಿರಾಗಿ ಕಟ್ಟುವ ಕಿಲುಬು ಊರಿಗೆಲ್ಲ ಕೊಳೆ, ಅವಳಿಗೆ ಮಾತ್ರ ನಾಣ್ಯದ ಚರ್ಮ. ಅದನ್ನು ಉಜ್ಜುವವರು ಅವಳ ಕಣ್ಣಿಗೆ ಕಟುಕರು. ಹಾಗಾಗಿಯೇ ಕಚೇರಿಯವರು ಬೆನ್ನ ಹಿಂದೆ ಅವಳಿಗೆ 'ಕಿಲುಬಮ್ಮ' ಎಂದು ಹೆಸರಿಟ್ಟರು. ಹೆಸರು ಎಷ್ಟು ಒಪ್ಪಿತೆಂದರೆ ಕೊನೆಕೊನೆಗೆ ಅವಳೇ ಫೋನೆತ್ತಿ, "ಹೂಂ, ಕಿಲುಬಮ್ಮನೇ ಮಾತಾಡೋದು, ಏನಾಗಬೇಕಿತ್ತು?" ಎನ್ನುತ್ತಿದ್ದಳು.

ವಾರಕ್ಕೊಬ್ಬನಾದರೂ ತಾತನ ಕಾಲದ ಕಾಸು ಹಿಡಿದು ಬರುತ್ತಿದ್ದ.

"ನಿಮಗೆ ತೋರಿಸ್ಬೇಕು ಅಂತಲೇ ನಿಂಬೆಹಣ್ಣು, ಉಪ್ಪು ಹಾಕಿ ಚೆನ್ನಾಗಿ ತಿಕ್ಕಿ ತಂದಿದ್ದೀನಿ ಮೇಡಂ. ಆಮೇಲೆ ಸ್ವಲ್ಪ ಟೂತ್‌ಪೇಸ್ಟೂ."

"ನಿಮ್ಮ ತಾತನ ಫೋಟೋ ಇದ್ಯಾ ಮನೇಲಿ?"

"ಇದೆ ಮೇಡಂ."

"ಅದನ್ನೂ ತಿಕ್ಕಿ. ಮುಖ ಹೋದಮೇಲೆ ತಗೊಂಡು ಬನ್ನಿ, ನೋಡೋಣ."

ಇಂಥವಳನ್ನು ಮದುವೆಯಾಗುವ ಧೈರ್ಯ ಮಾಡಿದವನು ಒಬ್ಬ ಶಾಲಾ ಮೇಷ್ಟ್ರು. ಮೊದಲ ಭೇಟಿಯಲ್ಲೇ ಹೋಟೆಲಿನ ಮೆನು ಕಾರ್ಡನ್ನು ಹೆಬ್ಬೆರಳು ನೆಕ್ಕಿ ತಿರುವಿ, ಇನ್ನೇನು ಬಾಳೆಲ್ಲ ಒಂಟಿಯಾಗಿ ಕಳೆಯುವುದರಲ್ಲಿದ್ದ ಪುಣ್ಯಾತ್ಮ. ಅವಳು ಎದ್ದು ಹೊರಟೇಬಿಟ್ಟಿದ್ದಳು. ಮರುದಿನ ಅವನು ಜೇಬಿನಲ್ಲಿ ಒಂದು ಡಬ್ಬಿ, ಡಬ್ಬಿಯಲ್ಲೊಂದು ಒದ್ದೆ ಸ್ಪಂಜು ಇಟ್ಟುಕೊಂಡು ಮ್ಯೂಸಿಯಂ ಬಾಗಿಲಲ್ಲಿ ನಿಂತಿದ್ದ. ಆ ಡಬ್ಬಿ ಇಂದಿಗೂ ಅವನ ಜೇಬಿನಲ್ಲಿದೆ.

ನಿವೃತ್ತಿಗೆ ಇನ್ನೇನು ಕೆಲವೇ ತಿಂಗಳಿದ್ದಾಗ ಅವಳ ಬಾಳಿನ ದೊಡ್ಡ ನಿಧಿ ಕೈಸೇರಿತು. ಎಲ್ಲೋ ಪಾಯ ತೋಡುವಾಗ ಸಿಕ್ಕ ಒಡಕು ಮಡಕೆಯೊಳಗೆ, ಒಂದಕ್ಕೊಂದು ಅಂಟಿ ಮುದ್ದೆಯಾದ ತಾಮ್ರದ ಕಾಸುಗಳು. ಭೂತಗನ್ನಡಿ ಹಿಡಿದು ನೋಡಿದವಳು ದೀಪವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಕಾಸುಗಳನ್ನು ಕಟ್ಟಿಟ್ಟಿದ್ದ ಬಟ್ಟೆಯ ಚೀಲ ಎಂದೋ ಕೊಳೆತು ಮಣ್ಣಾಗಿತ್ತು. ಆದರೆ ಅದರ ನೇಯ್ಗೆ ಮಾತ್ರ, ಹಾಸು ಹೊಕ್ಕು ಎಳೆಗಳ ಸಮೇತ, ಕಿಲುಬಿನಲ್ಲಿ ಅಚ್ಚೊತ್ತಿ ಉಳಿದಿತ್ತು. ಒಂದು ಮೂಲೆಯಲ್ಲಿ ಚೀಲ ಹರಿದಿತ್ತು. ಯಾರೋ ಅವಸರವಸರವಾಗಿ, ಸೊಟ್ಟಸೊಟ್ಟಗೆ ಅದನ್ನು ಹೊಲಿದಿದ್ದರು. ರಾಜರ ಮುಖಗಳು ಅವಳ ಡ್ರಾಯರುಗಳಲ್ಲಿ ರಾಶಿ ಬಿದ್ದಿದ್ದವು. ಹರಿದ ಚೀಲ ಹೊಲಿದವರ ಕೈ ಸಿಕ್ಕಿದ್ದು ಇದೇ ಮೊದಲು. ಜಗತ್ತಿನ ಸಕಲ ಕೈಗಳಿಗೂ ಹೇಸುತ್ತಿದ್ದ ಕಿಲುಬಮ್ಮ ಆ ಒಂದು ಕೈಗೆ ಮನಸೋತಳು.

ಅಷ್ಟರಲ್ಲೇ ಹೊಸ ನಿರ್ದೇಶಕರು ಬಂದರು. ಸಾಬೂನು ಕಾರ್ಖಾನೆಯ ಆಡಳಿತದಿಂದ ನೇರ ಇಲ್ಲಿಗೆ ವರ್ಗವಾಗಿದ್ದ ಅವರಿಗೆ ಇತಿಹಾಸವೆಂದರೆ ಸರಿಯಾಗಿ ತೊಳೆಯದೆ ಬಿಟ್ಟ ಪಾತ್ರೆ.

"ಏನ್ರೀ ಮೇಡಂ ಇದು, ಸತ್ತ ಕಪ್ಪೆ ಒಣಗಿಸಿಟ್ಟ ಹಾಗಿದೆ!" ಎಂದರು ಮುದ್ದೆ ನೋಡಿ. "ಮುಂದಿನ ವಾರ ಮಂತ್ರಿಗಳು ಬರ್ತಿದ್ದಾರೆ. ನಿಧಿ ಅಂದಮೇಲೆ ಫಳಫಳ ಅನ್ನಬೇಕು. ಬಿಡಿಸಿ ಆಸಿಡ್‌ಗೆ ಹಾಕಿಸಿ."

"ಹಾಕಿದ್ರೆ ಆ ಹೊಲಿಗೆ ಅಳಿಸಿಹೋಗುತ್ತೆ ಸರ್. ಇಡೀ ನಿಧಿಯಲ್ಲಿ ಇರೋದೇ ಅದು."

"ಹೊಲಿಗೆ ನೋಡೋಕೆ ಅವರು ಟೈಲರ್ ಅಂಗಡಿಗೆ ಹೋಗ್ತಾರೆ ಬಿಡಿ. ನೀವು ಮಾಡಿಸ್ತೀರೋ, ನಾನೇ ಮಾಡಿಸ್ಲೋ?"

ಮನೆಗೆ ಬಂದವಳಿಗೆ ಅನ್ನ ಸೇರಲಿಲ್ಲ. ಮೇಷ್ಟ್ರು ಸ್ಪಂಜಿಗೆ ಬೆರಳೊತ್ತಿ ಉತ್ತರಪತ್ರಿಕೆ ತಿರುವುತ್ತಾ, "ಅವರಿಗೆ ಹೊಳೆಯೋದು ಬೇಕು ಅಷ್ಟೇ ತಾನೆ? ಯಾವುದಾದರೂ ಹೊಳೆಯೋದನ್ನ ಕೊಟ್ಟು ಕಳಿಸೇ, ತಲೆನೋವು ಹೋಗ್ಲಿ," ಎಂದ.

"ರೀ," ಎಂದಳು ಅವಳು ತಟ್ಟೆ ಸರಿಸಿ. "ಮೊದಲನೇ ಸಲ ಉಪಯೋಗದ ಮಾತಾಡಿದ್ರಿ ನೋಡಿ."

ಮ್ಯೂಸಿಯಂನ ಉಗ್ರಾಣದಲ್ಲೊಂದು ತಗಡಿನ ಪೆಟ್ಟಿಗೆಯಿತ್ತು. ಹಳೆಯ ಕಾಸೆಂದು ನಂಬಿಸಿ ಮಾರುತ್ತಿದ್ದ ಮೋಸಗಾರರಿಂದ ಪೊಲೀಸರು ಹಿಡಿದು ತಂದ ನಕಲಿಗಳು ಅದರಲ್ಲಿದ್ದವು: ಒಳಗೆ ಸೀಸ, ಮೇಲೆ ಹಿತ್ತಾಳೆಯ ತೆಳು ಲೇಪ, ಅಂಚಿನಲ್ಲಿ ಅಚ್ಚು ಕೂಡಿದ ಗೆರೆ. ಅವಳು ನಕಲಿಗಳನ್ನು ತೆಗೆದು ನಿಧಿಯೆಂದು ಗಾಜಿನೊಳಗೆ ಹರಡಿದಳು. ಮುದ್ದೆಯನ್ನು ಹತ್ತಿಯಲ್ಲಿ ಸುತ್ತಿ, 'ನಕಲಿ' ಎಂದು ಬರೆದಿದ್ದ ಪೆಟ್ಟಿಗೆಯ ತಳದಲ್ಲಿಟ್ಟಳು. ಯಾರೂ ಕಣ್ಣೆತ್ತಿ ನೋಡದ ಜಾಗ ಅದೊಂದೇ ಎಂಬ ಅವಳ ಲೆಕ್ಕಾಚಾರಕ್ಕೆ ಅವಳೇ ತಲೆದೂಗಿದಳು.

ಮಂತ್ರಿಗಳು ಬಂದರು. ಗಾಜು ತೆಗೆಸಿದರು. ಮೂಗು ಒರೆಸಿಕೊಂಡ ಕೈಯಿಂದಲೇ ಒಂದು ಕಾಸು ಎತ್ತಿದರು, ಅಂಗಿಗೆ ಉಜ್ಜಿದರು, ಮೂಸಿದರು. ಕ್ಯಾಮೆರಾಗಳು ಮುಂದೆ ಬಂದದ್ದೇ ತಡ, ದವಡೆಗಿಟ್ಟು ಕಚ್ಚಿದರು.

"ನೋಡ್ರಯ್ಯಾ, ಹಲ್ಲು ಇಳೀತು! ಅಪ್ಪಟ ಚಿನ್ನ!"

"ಅಪ್ಪಟ ಸರ್," ಎಂದರು ನಿರ್ದೇಶಕರು. ಬೆಳಿಗ್ಗೆ ತಾನೇ ತಾಮ್ರದ ನಿಧಿಯೆಂದು ಭಾಷಣ ಬರೆಸಿಕೊಂಡಿದ್ದವರು.

ಕಿಲುಬಮ್ಮ ಮೂಲೆಯಲ್ಲಿ ನಿಂತು ಓಕರಿಕೆ, ನಗು ಎರಡನ್ನೂ ಕರವಸ್ತ್ರದಲ್ಲಿ ಅದುಮಿ ಹಿಡಿದಿದ್ದಳು. ಮಂತ್ರಿಗಳು ಎಂಜಲಾದ ಕಾಸನ್ನು ಅಲ್ಲಿಡಲಿಲ್ಲ. "ಇದನ್ನೊಂದು ಉಂಗುರಕ್ಕೆ ಕೂರಿಸ್ಬಹುದಲ್ವಾ?" ಎಂದರು. ನಿರ್ದೇಶಕರು ಮ್ಯೂಸಿಯಂ ತಮ್ಮ ಮಾವನ ಮನೆಯ ಆಸ್ತಿಯೆಂಬಂತೆ, "ತಗೊಳ್ಳಿ ಸರ್," ಎಂದುಬಿಟ್ಟರು. ಅವಳ ನಗು ಅಲ್ಲಿಗೆ ಸತ್ತಿತು. ಗಾಜಿನೊಳಗೆ ಅಸಲಿಯೇ ಇದ್ದಿದ್ದರೂ ಈ ಮನುಷ್ಯ ಹೀಗೆಯೇ ಹಲ್ಲುಗಿಂಜಿ ಕೊಡುತ್ತಿದ್ದ.

ಗೆಲುವಿನ ಅಮಲು ಏರಿದ ನಿರ್ದೇಶಕರು ಉಗ್ರಾಣ ಸ್ವಚ್ಛ ಮಾಡಲು ಹೊರಟರು. ಮೋಸಗಾರರ ಮೊಕದ್ದಮೆ ಮುಗಿದಿದ್ದರಿಂದ ನಕಲಿ ಕಾಸುಗಳನ್ನು ಕರಗಿಸಬೇಕೆಂದು ಆಜ್ಞೆಯಾಯಿತು. ಅವಳಿಗೆ ಸುದ್ದಿ ಮುಟ್ಟುವಷ್ಟರಲ್ಲಿ ತಗಡಿನ ಪೆಟ್ಟಿಗೆ ಅರಗಿನ ಮುದ್ರೆ ಹಾಕಿಸಿಕೊಂಡು, ನಿರ್ದೇಶಕರ ಕೋಣೆಯಲ್ಲಿ ಕುಲುಮೆಯ ಗಾಡಿಗೆ ಕಾಯುತ್ತಿತ್ತು.

ಬಾಯಿಬಿಟ್ಟರೆ ನಕಲಿಯನ್ನು ನಿಧಿಯೆಂದು ತೋರಿಸಿದ ಕ್ಯೂರೇಟರೆಂಬ ಹೆಸರು ಹೊತ್ತು, ಪಿಂಚಣಿಗೂ ಕುತ್ತು ತಂದುಕೊಂಡು ಮನೆಗೆ ಹೋಗಬೇಕು. ಸುಮ್ಮನಿದ್ದರೆ ಆ ಸೊಟ್ಟ ಹೊಲಿಗೆ ಬೆಂಕಿಗೆ. ಮೆಟ್ಟಿಲಲ್ಲಿ ನಿಂತು ಯೋಚಿಸಿದಳು. ತನ್ನ ಬುದ್ಧಿವಂತಿಕೆಯ ಮೇಲೇ ಅವಳಿಗೆ ವಾಕರಿಕೆ ಬಂತು. ಬಾಗಿಲು ತಟ್ಟಿದಳು.

"ಸರ್, ಆ ಪೆಟ್ಟಿಗೆಯಲ್ಲಿರೋದು ಅಸಲಿ. ಗಾಜಿನೊಳಗಿರೋದು ನಕಲಿ. ನಾನೇ ಬದಲಾಯಿಸಿದ್ದು."

ನಿರ್ದೇಶಕರು ಕನ್ನಡಕ ತೆಗೆದರು. "ಹಾಗಾದ್ರೆ ಮಂತ್ರಿಗಳು ಕಚ್ಚಿದ್ದು?"

"ಸೀಸ."

"ಇವತ್ತೇ, ಈಗಲೇ ನಿಮ್ಮನ್ನ ಸಸ್ಪೆಂಡ್ ಮಾಡ್ತೀನಿ!"

"ಮಾಡಿ. ಪೆಟ್ಟಿಗೆ ಮಾತ್ರ ಕಳಿಸ್ಬೇಡಿ."

ಅವರು ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಫೋನು ರಿಂಗಣಿಸಿತು. "ನಮಸ್ಕಾರ ಸರ್... ಉಂಗುರ ಚೆನ್ನಾಗಿದ್ಯಾ ಸರ್?... ಬೆರಳು? ಕಪ್ಪಗಾ?" ಕೈಯಿಂದ ಫೋನು ಮುಚ್ಚಿ ಅವಳತ್ತ ತಿರುಗಿದ ಮುಖ ಮಾಸಿದ ಸಾಬೂನಿನಂತಿತ್ತು. "ಮೇಡಂ, ಏನು ಹೇಳ್ಲಿ? ಬೇಗ ಹೇಳಿ ತಾಯಿ!"

ಗಳಿಗೆಯ ಹಿಂದೆ ಸಸ್ಪೆಂಡಾಗುತ್ತಿದ್ದವಳು ಈಗ ತಾಯಿಯಾಗಿದ್ದಳು.

"ಮೊದಲು ಮುದ್ರೆ ಒಡೀರಿ," ಎಂದಳು ತಾಯಿ. "ಮುದ್ದೆಗೊಂದು ಬೇರೆ ಗಾಜಿನ ಪೆಟ್ಟಿಗೆ. ಬೀಗದ ಕೈ ಯಾವತ್ತೂ ನಾಣ್ಯ ವಿಭಾಗದಲ್ಲೇ ಇರಬೇಕು. ಯಾರೂ ತೊಳೆಯಕೂಡದು, ಉಜ್ಜಕೂಡದು ಅಂತ ನಿಮ್ಮ ಸಹಿ ಹಾಕಿದ ಆದೇಶ. ಹೊಳೆಯೋ ಕಾಸುಗಳಿಗೆ ನಕಲಿ ಅಂತ ಚೀಟಿ. ಆಯ್ತಾ?"

"ಆಯ್ತು, ಆಯ್ತು!"

"ಹಾಗಾದ್ರೆ ಹೇಳಿ: ಬಹಳ ಹಳೇ ಲೋಹ, ಮೈಗೆ ತಾಕಬಾರದು, ಕೂಡಲೇ ವಾಪಸ್ ಕಳಿಸಿ, ಮತ್ತೆ ಬಾಯಿಗಂತೂ ಹಾಕ್ಬೇಡಿ ಅಂತ. ಬೆರಳಿಗೆ ಸೋಪು ಹಾಕಿ ತೊಳೀಲಿ. ಯಾವ ಸೋಪು ಅಂತ ನೀವೇ ಹೇಳಬಲ್ಲಿರಿ."

ನಿರ್ದೇಶಕರು ಅಕ್ಷರ ತಪ್ಪದೆ ಒಪ್ಪಿಸಿದರು. ಇಷ್ಟು ವರ್ಷ ಅಸಲಿ ನಕಲಿಗಳನ್ನು ಬೇರ್ಪಡಿಸಿದ್ದ ಕಿಲುಬಮ್ಮನಿಗೆ, ತಾನೇ ಅಚ್ಚು ಹಾಕಿದ ಆ ಸುಳ್ಳು ಬಾಯಲ್ಲಿ ಸೀಸದ ಹಾಗೆ ಉಳಿಯಿತು. ಸಂಜೆ ಮನೆಗೆ ಹೋಗಿ ತುಂಬಾ ಹೊತ್ತು ಬಾಯಿ ಮುಕ್ಕಳಿಸಿದಳು.

ನಿವೃತ್ತಿಯಾದ ಮೇಲೆ ಒಂದು ಮಧ್ಯಾಹ್ನ, ಟಿಕೆಟ್ ಕೊಂಡು ಮೇಷ್ಟ್ರ ಜೊತೆ ಮ್ಯೂಸಿಯಂಗೆ ಹೋದಳು. 'ನಕಲಿ' ಎಂಬ ಚೀಟಿಯಿದ್ದರೂ ಜನ ಹೊಳೆಯುವ ಕಾಸುಗಳನ್ನೇ ಮುತ್ತಿಕೊಂಡು, ಗಾಜಿನ ಮೇಲೆ ಅಂಗೈ ಒತ್ತಿ, ಫೋಟೋ ಹೊಡೆಯುತ್ತಿದ್ದರು. "ಥೂ," ಎಂದುಕೊಂಡು ಮುಂದೆ ನಡೆದಳು.

ಮೂಲೆಯಲ್ಲಿ ಮುದ್ದೆ ಒಂಟಿಯಾಗಿ ಕೂತಿತ್ತು. ಎದುರಿನ ಗಾಜಿನ ಮೇಲೆ, ಅಯ್ಯೋ ಕರ್ಮವೇ, ಯಾರದೋ ಮೂಗಿನ ಜಿಡ್ಡುಗುರುತು! ಅವಳು ಕರವಸ್ತ್ರ ಎಳೆದಳು. ಮೇಷ್ಟ್ರು ಡಬ್ಬಿಯನ್ನೇ ತೆರೆದ. "ಒರೆಸ್ಲೇನೇ?"

ಅವಳು ಬಗ್ಗಿ ನೋಡಿದಳು. ಆ ಗುರುತು ಇದ್ದದ್ದು ಸರಿಯಾಗಿ ಸೊಟ್ಟ ಹೊಲಿಗೆಯ ಎದುರಿಗೆ.

"ಇರ್ಲಿ ಬಿಡ್ರೀ," ಎಂದಳು. ಅಲ್ಲಿಂದ ಹೊಲಿಗೆ ಎಷ್ಟು ಕಾಣುತ್ತದೆಂದು ನೋಡಲು ಇನ್ನಷ್ಟು ಬಗ್ಗಿದಳು. ಮೂಗು ಗಾಜಿಗೆ ತಾಕಿ ತಣ್ಣಗಾಯಿತು.